ಆಡಲ್‌ಸ್ಟ್ರಾಪ್: ನಿಲ್ದಾಣ ಹೋಯಿತು, ಹೆಸರು ಉಳಿಯಿತು



ನಾನು ಇತಿಹಾಸಕಾರನಲ್ಲ, ವೈದ್ಯ. ನಾವು ನೆಲೆಸಿರುವ ಈ ದೇಶದ ಒಂದು ಹಳ್ಳಿಯ ರೈಲು ನಿಲ್ದಾಣದ ಕಥೆಯನ್ನು ವೈದ್ಯನ ದೃಷ್ಟಿಯಿಂದ ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ.

ಗ್ಲಾಸ್ಟರ್‌ಶೈರಿನ ಆಡಲ್‌ಸ್ಟ್ರಾಪ್ ಒಂದು ಪುಟ್ಟ ಗ್ರಾಮ. ಆಕ್ಸ್‌ಫರ್ಡಿನಿಂದ ವೂಸ್ಟರಿಗೆ ಹೋಗುವ ಮಾರ್ಗದಲ್ಲಿ 1853ರಲ್ಲಿ ಅದಕ್ಕೊಂದು ನಿಲ್ದಾಣ ದೊರೆಯಿತು. ಶತಮಾನಕ್ಕೂ ಮಿಕ್ಕಿ ಅದು ಊರಿನ ಹೆಬ್ಬಾಗಿಲಾಗಿತ್ತು.

1963ರಲ್ಲಿ ಬ್ರಿಟಿಷ್ ರೈಲ್ವೆಯ ಅಧ್ಯಕ್ಷ ಡಾ. ರಿಚರ್ಡ್ ಬೀಚಿಂಗ್ ತಮ್ಮ ಪ್ರಸಿದ್ಧ ವರದಿಯನ್ನು ಮಂಡಿಸಿದರು. ಅವರು ಭೌತವಿಜ್ಞಾನದ ಡಾಕ್ಟರು, ನಮ್ಮ ವೃತ್ತಿಯವರಲ್ಲ. ಆದರೂ ಬರೆದುಕೊಟ್ಟದ್ದು ಶಸ್ತ್ರಚಿಕಿತ್ಸೆಯನ್ನೇ. 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಬೇಕೆಂಬುದು ಅವರ ಸಲಹೆ. ರೈಲ್ವೆಗೆ ನಷ್ಟವೆಂಬ ರೋಗವಿದ್ದುದು ನಿಜ. ಆದರೆ ಪ್ರಯಾಣಿಕರ ಗಣತಿ ನಡೆದದ್ದು 1961ರ ಏಪ್ರಿಲ್ ತಿಂಗಳ ಒಂದೇ ವಾರ! ಬೇಸಿಗೆಯಲ್ಲಿ ಕಿಕ್ಕಿರಿಯುವ ಕಡಲತೀರದ ನಿಲ್ದಾಣಗಳಿಗೂ ಅದೇ ಅಳತೆ. ಒಮ್ಮೆ ನಾಡಿ ಹಿಡಿದು ಅಂಗಚ್ಛೇದಕ್ಕೆ ಮುಂದಾಗುವ ವೈದ್ಯನನ್ನು ನಾವು ಒಪ್ಪುವೆವೇ? ಕಿರಿಯ ನಾಳಗಳನ್ನು ಕಡಿದರೆ ಹಿರಿಯ ನಾಳವೂ ಸೊರಗುತ್ತದೆ.

1966ರ ಜನವರಿ 3ರಂದು ಆಡಲ್‌ಸ್ಟ್ರಾಪ್ ನಿಲ್ದಾಣ ಮುಚ್ಚಿತು. ಕಟ್ಟಡವನ್ನು ಕೆಡವಿದರು. ಇಂದಿಗೂ ಆ ಹಳಿಯ ಮೇಲೆ ರೈಲುಗಳು ಓಡುತ್ತವೆ, ಆದರೆ ಅಲ್ಲಿ ನಿಲ್ಲುವುದಿಲ್ಲ.

ಆದರೂ ಆಡಲ್‌ಸ್ಟ್ರಾಪ್ ಎಂಬ ಹೆಸರು ಇಂಗ್ಲಿಷ್ ಬಲ್ಲ ಕಾವ್ಯಪ್ರಿಯರಿಗೆಲ್ಲ ಪರಿಚಿತ. 1914ರ ಜೂನ್ 24ರಂದು ಎಡ್ವರ್ಡ್ ಥಾಮಸ್ ಎಂಬ ಲೇಖಕರು ಕುಳಿತಿದ್ದ ರೈಲು ಅಲ್ಲಿ ಕ್ಷಣಕಾಲ ನಿಂತಿತು. ಮುಂದಿನ ವರ್ಷ ಅವರು ಆ ಅನುಭವವನ್ನು ಹದಿನಾರು ಸಾಲುಗಳ ಕವಿತೆಯಾಗಿಸಿದರು. 1917ರ ಏಪ್ರಿಲ್ 9ರಂದು ಫ್ರಾನ್ಸಿನ ಅರಾಸ್ ಯುದ್ಧದಲ್ಲಿ ಮಡಿದರು. ಕವಿತೆ ಅಚ್ಚಾದದ್ದು ಅದೇ ತಿಂಗಳು, ಅವರ ಮರಣಾನಂತರ. ನಿಲ್ದಾಣದ ಹಳೆಯ ನಾಮಫಲಕವನ್ನೂ ಒಂದು ಬೆಂಚನ್ನೂ ಗ್ರಾಮಸ್ಥರು ಊರಿನ ಬಸ್ ತಂಗುದಾಣದಲ್ಲಿ ಕಾಪಾಡಿಕೊಂಡಿದ್ದಾರೆ. ಬೆಂಚಿನ ಮೇಲೆ ಆ ಕವಿತೆಯ ಫಲಕವಿದೆ.

ಟಿಕೆಟ್ಟಿನ ಲೆಕ್ಕ ನಿಲ್ದಾಣವನ್ನು ಅಳಿಸಿತು. ಬರೆದ ಮಾತು ಹೆಸರನ್ನು ಉಳಿಸಿತು. ಬಂಧುಗಳೇ, ನಮ್ಮಲ್ಲಿ ಅನೇಕರನ್ನು ದೂರದ ಓದಿಗೆ ಬೀಳ್ಕೊಟ್ಟದ್ದು ಇಂಥದೇ ಪುಟ್ಟ ನಿಲ್ದಾಣಗಳು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅವುಗಳ ಹೆಸರೂ ತಿಳಿಯದು. ಕವಿಗಳಾಗಬೇಕಿಲ್ಲ; ಊರಿನ ಹೆಸರು, ರೈಲು ಬರುತ್ತಿದ್ದ ಹೊತ್ತು, ಕಳಿಸಲು ಬಂದವರ ಹೆಸರು, ಇಷ್ಟನ್ನಾದರೂ ಕನ್ನಡದಲ್ಲಿ ಬರೆದಿಡೋಣ.