ಎಚ್.ಎನ್. ಹುಟ್ಟೂರಿಗೆ ನಾವು ಏನು ಕೊಡೋಣ?

ಹಿಂಜವಡಿ ಟ್ರಾಫಿಕ್ ದಾಟಿ ಸೋಲಾಪುರ ರಸ್ತೆಯಲ್ಲಿ ಕುರಕುಂಭದ ತನಕ ಬಂದವರೂ ಇದ್ದೀರಿ, ಇಲ್ಲೇ ಎಂಐಡಿಸಿಯಲ್ಲಿ ಶಿಫ್ಟ್ ಮುಗಿಸಿ ನೇರವಾಗಿ ಬಂದು ಕೂತವರೂ ಇದ್ದೀರಿ.

ಊರಿಗೆ ಏನಾದ್ರೂ ಮಾಡೋಣ ಅನ್ನೋ ಮಾತು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಏಳುತ್ತೆ, ತಣ್ಣಗಾಗುತ್ತೆ. ಈ ಸಲ ಒಂದು ಹೆಸರು ಬಂತು: ಡಾ. ಎಚ್. ನರಸಿಂಹಯ್ಯ. ಅವರ ಹುಟ್ಟೂರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಮಕ್ಕಳ ವಿಜ್ಞಾನ ಕೇಂದ್ರಕ್ಕೆ ಕೈಜೋಡಿಸೋಣ ಅಂತ. ಸಂತೋಷ. ಆದ್ರೆ ಮೊದಲು ತಯಾರಾದ ಪಟ್ಟಿ ನೋಡಿದೆ. ಒಂದು ಗುಮ್ಮಟ, ಒಂದು ವಿಆರ್ ಕೋಣೆ, ದಾನಿಗಳ ಹೆಸರು ಕೆತ್ತೋಕೆ ಗ್ರಾನೈಟ್ ಫಲಕ. ಫಲಕದ ಅಳತೆ ಕೂಡ ಬರೆದಿದ್ರು!

ಜರ್ಮನಿಯ ಉಲ್ಮ್ ಊರಲ್ಲೂ ಹೀಗೇ ಒಂದು ಕನಸಿದೆ. ಐನ್‌ಸ್ಟೈನ್ 1879ರಲ್ಲಿ ಹುಟ್ಟಿದ್ದು ಅಲ್ಲಿ. ಅಲ್ಲೊಂದು ವಿಜ್ಞಾನ ಕೇಂದ್ರ ಆಗಬೇಕು ಅಂತ ಊರವರು ಸಂಘ ಕಟ್ಟಿದ್ದಾರೆ. ಡೇನಿಯಲ್ ಲಿಬೆಸ್‌ಕಿಂಡ್ ಅಂಥ ವಾಸ್ತುಶಿಲ್ಪಿ ನಕ್ಷೆ ಹಾಕಿಕೊಟ್ಟಿದ್ದಾರೆ. ಹುಟ್ಟಿದ ಮನೆ ಯುದ್ಧದ ಬಾಂಬಿಗೆ ಹೋಯ್ತು, ಮಗುವಿಗೆ ಹದಿನೈದು ತಿಂಗಳಾಗುವಾಗಲೇ ಸಂಸಾರ ಮ್ಯೂನಿಕ್‌ಗೆ ಹೊರಟಿತ್ತು. ಅಂಥ ಊರಿಗೆ ನೆನಪನ್ನು ಹೊರೋಕೆ ಒಂದು ದೊಡ್ಡ ಕಟ್ಟಡ ಬೇಕು, ಒಪ್ಪೋಣ.

ಹೊಸೂರಿನ ಕಥೆ ಬೇರೆ. 1935ರಲ್ಲಿ ಬಸ್ ಚಾರ್ಜಿಗೆ ಕಾಸಿಲ್ಲದೆ ಒಬ್ಬ ಹುಡುಗ ಹೈಸ್ಕೂಲು ಓದೋಕೆ ಅಲ್ಲಿಂದ ಬೆಂಗಳೂರಿಗೆ ನಡೆದ. ಸುಮಾರು 80 ಕಿ.ಮೀ., ಎರಡು ದಿನ. ಆಮೇಲೆ ಅಮೆರಿಕದ ಒಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಅಷ್ಟಾದ್ರೂ ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮೇ ಮನೆ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುವಾದಾಗ ಅದಕ್ಕೆ ಬೇಕಾಗಿದ್ದು ಒಂದು ಸಭಾಂಗಣ, ಕುರ್ಚಿಗಳು, ಮಾತಾಡೋಕೆ ಬರೋ ಒಬ್ಬ ವಿಜ್ಞಾನಿ. ವಾರ ತಪ್ಪದೆ ನಡೆಸಿದ್ದೇ ಅದರ ಬಂಡವಾಳ.

ಇನ್ನು ನಮ್ಮ ಪುಣೆಯದ್ದೇ ನೋಡಿ. ಯೂನಿವರ್ಸಿಟಿ ಆವರಣದ ಆಯುಕದಲ್ಲಿ ಮುಕ್ತಾಂಗಣ ವಿಜ್ಞಾನ ಶೋಧಿಕಾ ಇದೆ. ಪು.ಲ. ದೇಶಪಾಂಡೆ ಅವರ ಪ್ರತಿಷ್ಠಾನದ ದೇಣಿಗೆಯಿಂದ ಆದದ್ದು. ಕಟ್ಟಡ ಚೆನ್ನಾಗಿದೆ. ಆದ್ರೆ ಅದಕ್ಕೆ ಹೆಸರು ಬಂದದ್ದು ಬಹುಪಾಲು ಅರವಿಂದ ಗುಪ್ತಾ ಅವರಿಂದ. ಐಐಟಿ ಕಾನ್ಪುರದಲ್ಲಿ ಓದಿ ಪುಣೆಯ ಟೆಲ್ಕೋದಲ್ಲಿ ಎಂಜಿನಿಯರ್ ಆಗಿದ್ದವರು. 1978ರಲ್ಲಿ ರಜೆ ಹಾಕಿ ಹೋಶಂಗಾಬಾದ್‌ನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. (ನಮ್ಮ ಕಂಪನಿಗಳಲ್ಲಿ ಇಂಥ ರಜೆ ಕೇಳಿ ನೋಡಿ!) ಅಲ್ಲಿ ಕೈಗೆ ಸಿಕ್ಕಿದ್ದು ಬೆಂಕಿಕಡ್ಡಿ, ಸೈಕಲ್ಲಿನ ವಾಲ್ ಟ್ಯೂಬು. ಟ್ಯೂಬಿನ ತುಂಡುಗಳಿಂದ ನಾಲ್ಕು ಕಡ್ಡಿ ಜೋಡಿಸಿ ಚೌಕ ಮಾಡಿ, ಒತ್ತಿ. ಓರೆಯಾಗುತ್ತೆ. ಮೂರು ಕಡ್ಡಿಯ ತ್ರಿಕೋನ ಒತ್ತಿ. ಅಲುಗಲ್ಲ. ರೈಲ್ವೆ ಸೇತುವೆ ತುಂಬಾ ತ್ರಿಕೋನ ಯಾಕಿದೆ ಅಂತ ಐದನೇ ಕ್ಲಾಸಿನ ಹುಡುಗಿ ತಾನೇ ಹೇಳ್ತಾಳೆ. ಖರ್ಚು ಎಷ್ಟು? ಎರಡು ಚಹಾದ ದುಡ್ಡು.

ಆದ್ರೆ ಅವಳ ಮುಂದೆ ಕಡ್ಡಿ ಇಟ್ಟು, ತಪ್ಪು ಉತ್ತರ ಬಂದಾಗಲೂ ಸುಮ್ಮನೆ ಕಾಯೋ ಒಬ್ಬರು ಬೇಕು. ದಿನಾ ಬೇಕು. ಅವರಿಗೆ ಸಂಬಳ ಬೇಕು. ನಮ್ಮ ಪಟ್ಟಿಯಲ್ಲಿ ಆ ಸಾಲೇ ಇರಲಿಲ್ಲ. ಉದ್ಘಾಟನೆ ದಿನ ಫೋಟೋ ತೆಗೆಸಿಕೊಂಡು ಆಮೇಲೆ ಬೀಗ ಬಿದ್ದ ಕಟ್ಟಡಗಳನ್ನ ನಾವೆಲ್ಲ ನೋಡಿದ್ದೀವಿ. ಪ್ರೊಜೆಕ್ಟರ್ ಕೆಟ್ಟರೆ ರಿಪೇರಿಗೂ ಬೆಂಗಳೂರಿನಿಂದ ಜನ ಬರಬೇಕು. ಪವಾಡಗಳನ್ನೇ ಪರೀಕ್ಷೆ ಮಾಡಬೇಕು ಅಂತ 1976ರಲ್ಲಿ ಸಮಿತಿ ಮಾಡಿದ ಮನುಷ್ಯನ ಹೆಸರಲ್ಲಿ, ಪ್ರಶ್ನೆ ಕೇಳೋ ಮಗುವಿಗೆ ಉತ್ತರಿಸೋಕೆ ಯಾರೂ ಇಲ್ಲದ ಕೋಣೆ ಕಟ್ಟೋದು ನನಗಂತೂ ಒಪ್ಪಿಗೆಯಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಮೊದಲ ಮೂರು ವರ್ಷ ನಮ್ಮ ದುಡ್ಡು ಇಬ್ಬರು ಮೇಷ್ಟ್ರ ಸಂಬಳಕ್ಕೆ ಹೋಗಲಿ. ಆ ಕಡೆಯವರೇ ಆದ್ರೆ ಒಳ್ಳೇದು. ಗುಮ್ಮಟದ ಮಾತು ಆಮೇಲೆ. ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದೀನಿ. ಹೆಸರು, ಊರು, ವರ್ಷಕ್ಕೆ ಎಷ್ಟು ದಿನ ಹೊಸೂರಿಗೆ ಬರಬಲ್ಲಿರಿ ಅಂತ ಬರೀರಿ. ದುಡ್ಡಿನ ಕಾಲಂ ಕೊನೆಯಲ್ಲಿದೆ.