ನರ್ಮದೆಯ ದಂಡೆಯ ತಾಯಿ



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಕಾಶಿಯಾತ್ರೆ ಮಾಡಿ ಬಂದ ಅಜ್ಜಿಯೊಬ್ಬರು ಇರಬಹುದು. ಅವರು ತಂದ ಗಂಗಾಜಲದ ಪುಟ್ಟ ತಂಬಿಗೆ ಇಂದಿಗೂ ದೇವರ ಗೂಡಿನಲ್ಲಿರಬಹುದು. ಅವರು ಕೈಮುಗಿದು ನಿಂತ ವಿಶ್ವನಾಥನ ಗುಡಿಯನ್ನು ಕಟ್ಟಿಸಿದವರು ಯಾರು ಎಂದು ಎಂದಾದರೂ ಕೇಳಿದ್ದೀರಾ? 1669ರಲ್ಲಿ ಹಳೆಯ ದೇಗುಲ ನಾಶವಾದ ಮೇಲೆ, ನೂರಕ್ಕೂ ಹೆಚ್ಚು ವರ್ಷಗಳ ಬಳಿಕ, 1780ರಲ್ಲಿ ಈಗಿನ ಗುಡಿಯನ್ನು ಕಟ್ಟಿಸಿದವರು ಮಾಳವದ ಒಬ್ಬ ವಿಧವೆ, ಅಹಲ್ಯಾಬಾಯಿ ಹೋಳ್ಕರ್.

ಚರಿತ್ರೆಯ ಪುಸ್ತಕ ಅವರನ್ನು ರಾಣಿಯೆಂದು ಪರಿಚಯಿಸುತ್ತದೆ. ಇಂದು ನಾವು ಅವರನ್ನು ಒಬ್ಬ ತಾಯಿಯಾಗಿ, ಒಬ್ಬ ಅಜ್ಜಿಯಾಗಿ ನೆನೆಯೋಣ. ದೇವರನ್ನು ನಂಬಿದವರಿಗೆ ಕಷ್ಟ ಬರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಆ ಮಾತು ನಿಜವೇ ಎಂದು ಅವರ ಬದುಕನ್ನೇ ಕೇಳಿ ನೋಡೋಣ.

ಅಹಲ್ಯಾಬಾಯಿ ಹುಟ್ಟಿದ್ದು 1725ರಲ್ಲಿ, ಮಹಾರಾಷ್ಟ್ರದ ಚೌಂಡಿ ಎಂಬ ಹಳ್ಳಿಯಲ್ಲಿ. ತಂದೆ ಮಾಣಕೋಜಿ ಶಿಂದೆ ಆ ಊರಿನ ಪಾಟೀಲರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವ ರೂಢಿ ಇಲ್ಲದ ಆ ಕಾಲದಲ್ಲಿ ಅವರು ಮಗಳಿಗೆ ಓದುಬರಹ ಕಲಿಸಿದರು. ಮರಾಠಾ ಸರದಾರ ಮಲ್ಹಾರರಾವ್ ಹೋಳ್ಕರರ ಮಗ ಖಂಡೇರಾವ್‌ನೊಂದಿಗೆ ಬಾಲ್ಯದಲ್ಲೇ ವಿವಾಹವಾಯಿತು. ಮಾಲೇರಾವ್ ಎಂಬ ಮಗನೂ ಮುಕ್ತಾಬಾಯಿ ಎಂಬ ಮಗಳೂ ಹುಟ್ಟಿದರು.

1754ರಲ್ಲಿ ಕುಂಭೇರಿ ಕೋಟೆಯ ಮುತ್ತಿಗೆಯಲ್ಲಿ ಖಂಡೇರಾವ್ ಫಿರಂಗಿಯ ಗುಂಡಿಗೆ ಬಲಿಯಾದರು. ಅಂದಿನ ಪದ್ಧತಿಯಂತೆ ಅಹಲ್ಯಾಬಾಯಿ ಸಹಗಮನಕ್ಕೆ ಸಿದ್ಧರಾದರು. ಆಗ ಅವರನ್ನು ತಡೆದವರು ಮಾವ ಮಲ್ಹಾರರಾವ್. ಮಗನನ್ನು ಕಳೆದುಕೊಂಡ ಆ ಮುದುಕ, ನನ್ನನ್ನು ಬಿಟ್ಟು ಹೋಗಬೇಡ ಎಂದು ಸೊಸೆಯನ್ನು ಬೇಡಿಕೊಂಡರು. ಸೊಸೆ ಉಳಿದರು. ಮಾವ ಅವರಿಗೆ ರಾಜ್ಯದ ಲೆಕ್ಕಪತ್ರ, ಸೈನ್ಯದ ಸರಬರಾಜು, ಆಡಳಿತ ಎಲ್ಲವನ್ನೂ ಒಪ್ಪಿಸಿ ಕಲಿಸಿದರು.

1766ರಲ್ಲಿ ಮಾವ ತೀರಿಕೊಂಡರು. ಪಟ್ಟಕ್ಕೆ ಬಂದ ಒಬ್ಬನೇ ಮಗ ಮಾಲೇರಾವ್ ಮನಸ್ಸಿನ ಸ್ವಾಸ್ಥ್ಯ ಕೆಟ್ಟು, ಮರುವರ್ಷವೇ ಕಣ್ಮುಚ್ಚಿದ. ಹೆಣ್ಣೊಬ್ಬಳು ರಾಜ್ಯವಾಳಬಲ್ಲಳೇ ಎಂದು ಅನುಮಾನಿಸಿದವರೂ, ಆ ಸಂಪತ್ತಿನ ಮೇಲೆ ಕಣ್ಣಿಟ್ಟವರೂ ಇದ್ದರು. ಅಹಲ್ಯಾಬಾಯಿ ಅಂಜಲಿಲ್ಲ. ಪೇಶ್ವೆಯ ಒಪ್ಪಿಗೆ ಪಡೆದು ಆಡಳಿತವನ್ನು ತಾವೇ ವಹಿಸಿಕೊಂಡು, ಸೈನ್ಯವನ್ನು ತುಕೋಜಿರಾವ್ ಹೋಳ್ಕರರಿಗೆ ಒಪ್ಪಿಸಿದರು. ನರ್ಮದೆಯ ದಂಡೆಯ ಮಹೇಶ್ವರ ಅವರ ರಾಜಧಾನಿಯಾಯಿತು.

ಅವರು ಕಾಲವಾಗಿ ಸುಮಾರು ಕಾಲು ಶತಮಾನ ಕಳೆದ ಮೇಲೆ ಮಾಳವದಲ್ಲಿದ್ದ ಬ್ರಿಟಿಷ್ ಅಧಿಕಾರಿ ಜಾನ್ ಮಾಲ್ಕಂ, ಅವರನ್ನು ಕಂಡಿದ್ದ ಜನರಿಂದಲೇ ಕೇಳಿ ತಿಳಿದು ಅವರ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಗಾಗುವ ಮುನ್ನವೇ ಏಳುವುದು, ಪೂಜೆ, ಪುರಾಣಶ್ರವಣ, ದಾನ, ಅನ್ನಸಂತರ್ಪಣೆ. ಆ ಬಳಿಕ ಸರಳ ಊಟ. ಮಧ್ಯಾಹ್ನದಿಂದ ಸಂಜೆಯವರೆಗೆ ದರ್ಬಾರು. ಸಂಜೆಯ ಪೂಜೆ ಮುಗಿಸಿ ರಾತ್ರಿ ಹನ್ನೊಂದರವರೆಗೆ ಮತ್ತೆ ರಾಜ್ಯದ ಕೆಲಸ. ಪೂಜೆಗೆ ಹೊತ್ತಾಯಿತೆಂದು ದೂರು ತಂದ ರೈತನನ್ನು ಹಿಂದಕ್ಕೆ ಕಳಿಸುವ ಭಕ್ತಿ ಅದಾಗಿರಲಿಲ್ಲ. ಅವರ ಆಜ್ಞೆಗಳು ಹೊರಡುತ್ತಿದ್ದುದು ಶ್ರೀಶಂಕರನ ಹೆಸರಿನಲ್ಲಿ. ರಾಜ್ಯ ಶಿವನದು, ತಾವು ಲೆಕ್ಕ ಒಪ್ಪಿಸಬೇಕಾದವರು ಎಂಬುದು ಅದರ ಅರ್ಥ.

ಕಾಶಿಯೊಂದೇ ಅಲ್ಲ. ಸೋಮನಾಥ, ಗಯೆಯ ವಿಷ್ಣುಪಾದ, ಎಲ್ಲೋರದ ಘೃಷ್ಣೇಶ್ವರ ಹೀಗೆ ತಮ್ಮ ರಾಜ್ಯದ ಗಡಿಯಾಚೆಗೂ ಗುಡಿ, ಘಾಟು, ಬಾವಿ, ಛತ್ರಗಳನ್ನು ಕಟ್ಟಿಸಿದರು. ಇನ್ನೂ ಸಣ್ಣ ಕೆಲಸಗಳನ್ನು ಮಾಲ್ಕಂ ನೆನೆಯುತ್ತಾನೆ. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡಲು ರಸ್ತೆಯಲ್ಲಿ ಜನರನ್ನು ನಿಲ್ಲಿಸುತ್ತಿದ್ದರು. ಉಳುವ ಎತ್ತುಗಳಿಗೂ ನೀರುಣಿಸುವ ಏರ್ಪಾಡಿತ್ತು. ರೈತರು ತಮ್ಮ ಬೆಳೆಯಿಂದ ಹಕ್ಕಿಗಳನ್ನು ಓಡಿಸುತ್ತಾರಲ್ಲ, ಆ ಹಕ್ಕಿಗಳು ಎಲ್ಲಿ ತಿನ್ನಬೇಕು? ಅವುಗಳಿಗಾಗಿಯೇ ಹೊಲ ಕೊಂಡು ಬಿಟ್ಟಿದ್ದರು. ಮನೆಯ ತಾಯಿ ಕಡೆಗೆ ಉಣ್ಣುವವರನ್ನು ಮರೆಯದಂತೆ ಅವರು ಇವನ್ನೆಲ್ಲ ನೆನಪಿಟ್ಟರು.

ಮಿತ್ರರೇ, ಇನ್ನು ಕಠಿಣವಾದ ಮಾತಿಗೆ ಬರೋಣ. ಮಗ ಹೋದ ಮೇಲೆ ಅಹಲ್ಯಾಬಾಯಿಯವರ ಆಸರೆಯೆಂದರೆ ಮಗಳು ಮುಕ್ತಾಬಾಯಿ, ಅಳಿಯ ಮತ್ತು ಮೊಮ್ಮಗ. ಆ ಮೊಮ್ಮಗ ಅಜ್ಜಿಯ ಕಣ್ಣೆದುರೇ ಮಹೇಶ್ವರದಲ್ಲಿ ತೀರಿಕೊಂಡ. ವರ್ಷ ಕಳೆಯುವಷ್ಟರಲ್ಲಿ, 1791ರಲ್ಲಿ, ಅಳಿಯನೂ ತೀರಿಕೊಂಡ. ಮುಕ್ತಾಬಾಯಿ ಸಹಗಮನಕ್ಕೆ ನಿಶ್ಚಯಿಸಿದಳು. ತಾಯಿ ಬೇಡಿಕೊಂಡರು, ನನ್ನನ್ನು ಒಂಟಿಯಾಗಿ ಬಿಡಬೇಡ ಎಂದು ಅಂಗಲಾಚಿದರು. ಮಗಳು ಕೇಳಲಿಲ್ಲ. ಚಿತೆಗೆ ಬೆಂಕಿ ಹತ್ತಿದಾಗ ತೋಳು ಹಿಡಿದು ನಿಲ್ಲಿಸಿದ್ದವರ ಕೈಯಿಂದ ಬಿಡಿಸಿಕೊಳ್ಳಲು ಆ ತಾಯಿ ಹೆಣಗಿದರು, ಸಂಕಟ ತಾಳದೆ ಕೈಗಳನ್ನು ಕಚ್ಚಿಕೊಂಡರು. ಆಮೇಲೆ ಮೂರು ದಿನ ಅನ್ನವಿಲ್ಲ, ಮಾತೂ ಇಲ್ಲದಂತಾಯಿತು.

ಇದನ್ನು ನಾವು ಹಿರಿಮೆಯೆಂದು ಹಾಡಬೇಕಾಗಿಲ್ಲ. ಒಬ್ಬ ವಿಧವೆ ಬದುಕಿ ಉಳಿದರೆ ಏನು ಮಾಡಬಲ್ಲಳು ಎಂಬುದಕ್ಕೆ ಆ ಮನೆಯಲ್ಲೇ ಸಾಕ್ಷಿಯಿತ್ತು. 1754ರಲ್ಲಿ ಮಲ್ಹಾರರಾವ್ ತಡೆಯದೆ ಹೋಗಿದ್ದರೆ ಕಾಶಿಯ ಗುಡಿಯೂ ಇಲ್ಲ, ದಾರಿಯ ನೀರೂ ಇಲ್ಲ, ಹಕ್ಕಿಗಳ ಹೊಲವೂ ಇಲ್ಲ. ಆದರೂ ರೂಢಿ ಆ ಸಾಕ್ಷಿಗಿಂತ ಬಲವಾಗಿತ್ತು. ಕಂಪನಿ ಸರ್ಕಾರದ ಕಾನೂನು ಸತಿಪದ್ಧತಿಯನ್ನು ನಿಷೇಧಿಸಲು 1829 ಬರಬೇಕಾಯಿತು.

ಹಾಗಾದರೆ ನಂಬಿಕೆ ಆ ತಾಯಿಗೆ ಕೊಟ್ಟದ್ದೇನು? ಅದು ಅವರ ಮನೆಯಿಂದ ಸಾವನ್ನು ದೂರವಿಡಲಿಲ್ಲ. ಆದರೆ ದುಃಖ ಬಂದಾಗ ಬಾಗಿಲು ಹಾಕಿಕೊಳ್ಳದಂತೆ ನೋಡಿಕೊಂಡಿತು. ಗಂಡ, ಮಾವ, ಮಗ ಹೋದ ಮೇಲೆ ಕಂಡರಿಯದ ಯಾತ್ರಿಕರಿಗೆ ನೆರಳು ಮಾಡಿಸಿದರು. ಮಗಳೂ ಹೋದ ಮೇಲೆ ಎದ್ದು ಮತ್ತೆ ರಾಜ್ಯದ ಕೆಲಸಕ್ಕೆ ಕುಳಿತರು. ಎಪ್ಪತ್ತನೆಯ ವಯಸ್ಸಿನಲ್ಲಿ, 1795ರ ಆಗಸ್ಟ್ 13ರಂದು, ಕಣ್ಮುಚ್ಚುವವರೆಗೂ ಅವರ ಬಾಗಿಲು ಮುಚ್ಚಲಿಲ್ಲ.

ಒಮ್ಮೆ ಪಂಡಿತನೊಬ್ಬ ಅವರನ್ನು ಹೊಗಳಿ ಪುಸ್ತಕ ಬರೆದು ತಂದನಂತೆ. ತಾಳ್ಮೆಯಿಂದ ಕೇಳಿ, ಈ ಹೊಗಳಿಕೆಗೆ ತಾವು ತಕ್ಕವರಲ್ಲವೆಂದು ಹೇಳಿ, ಅದನ್ನು ನರ್ಮದೆಗೆ ಹಾಕಿಸಿದರು ಎಂದು ಮಾಲ್ಕಂ ಬರೆದಿದ್ದಾನೆ. ಹಾಗಾಗಿ ನಾವೂ ಹೊಗಳಿಕೆಯನ್ನು ಇಲ್ಲಿಗೇ ನಿಲ್ಲಿಸೋಣ.

ಇಂದು ಸಂಜೆ ನಿಮ್ಮ ಅಜ್ಜಿ ದೀಪ ಹಚ್ಚಿ ಕುಳಿತಾಗ ಒಂದು ಗಳಿಗೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಯಾರನ್ನು ಕಳೆದುಕೊಂಡರು, ಆಮೇಲೆ ಹೇಗೆ ಎದ್ದು ಒಲೆ ಹಚ್ಚಿ ನಿಮಗೆ ಉಣಬಡಿಸಿದರು ಎಂದು ಕೇಳಿ ತಿಳಿದುಕೊಳ್ಳಿ. ಅವರ ಚರಿತ್ರೆಯನ್ನು ಯಾವ ಮಾಲ್ಕಂನೂ ಬರೆದಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾದವರು ನೀವೇ.