ಗೊದಮೊಟ್ಟೆಯ ಬಾಲ ಎಲ್ಲಿ ಹೋಯಿತು?

ಮಳೆಗಾಲ ಶುರುವಾದ ಮೇಲೆ ಗದ್ದೆಯ ಬದುವಿನ ಹೊಂಡಕ್ಕೆ ಇಣುಕಿದರೆ ಕರಿ ಗೊದಮೊಟ್ಟೆಗಳು ಬಾಲ ಆಡಿಸುತ್ತ ಗುಂಪುಗುಂಪಾಗಿ ಓಡಾಡುತ್ತಿರುತ್ತವೆ. ಕೆಲವು ವಾರ ಬಿಟ್ಟು ಮತ್ತೆ ಹೋಗಿ ನೋಡಿ. ಕಾಲು ಮೂಡಿರುತ್ತದೆ, ಬಾಲ ಮೋಟಾಗಿರುತ್ತದೆ. ಬಾಲ ಉದುರಿ ಬಿದ್ದಿಲ್ಲ, ಯಾವ ಮೀನೂ ಕಚ್ಚಿಕೊಂಡು ಹೋಗಿಲ್ಲ. ಅದು ಗೊದಮೊಟ್ಟೆಯ ಮೈಯೊಳಗೇ ಕರಗಿದೆ. ಹಾಗಾದರೆ ಬಾಲಕ್ಕೆ ಕರಗು ಎಂದು ಹೇಳಿದ್ದು ಯಾರು?

1912ರಲ್ಲಿ ಗುಡರ್‌ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಪ್ರಾಣಿಗಳ ಬೇರೆ ಬೇರೆ ಅಂಗಗಳ ಚೂರುಗಳನ್ನು ತಿನ್ನಿಸಿ ನೋಡಿದರು. ಕುದುರೆಯ ಥೈರಾಯಿಡ್ ಗ್ರಂಥಿಯನ್ನು ತಿಂದ ಗೊದಮೊಟ್ಟೆಗಳು ಸರಿಯಾಗಿ ಬೆಳೆಯುವ ಮೊದಲೇ, ಅವಸರವಸರವಾಗಿ, ಪುಟಾಣಿ ಕಪ್ಪೆಗಳಾಗಿಬಿಟ್ಟವು! ಬೇರೆ ಅಂಗಗಳನ್ನು ತಿಂದವು ಹಾಗಾಗಲಿಲ್ಲ. ಕೆಲವು ವರ್ಷಗಳ ನಂತರ ಬೆನೆಟ್ ಆಲೆನ್ ಎಂಬುವರು ಇದಕ್ಕೆ ತಿರುಗುಮುರುಗಾದ ಪ್ರಯೋಗ ಮಾಡಿದರು. ಎಳೆಯ ಗೊದಮೊಟ್ಟೆಗಳ ಥೈರಾಯಿಡ್ಡನ್ನೇ ತೆಗೆದುಹಾಕಿದರು. ಅವು ತಿಂದವು, ಈಜಿದವು, ದೊಡ್ಡವೂ ಆದವು. ಕಪ್ಪೆ ಮಾತ್ರ ಆಗಲಿಲ್ಲ.

ನನಗೆ ಇದರಲ್ಲಿ ತುಂಬ ಸೋಜಿಗವೆನಿಸುವುದು ಕುದುರೆಯ ವಿಷಯ. ಕುದುರೆಯ ಬಾಲ ಕರಗುವುದಿಲ್ಲ, ಅದು ನೀರಿನಿಂದ ದಡಕ್ಕೂ ಹಾರುವುದಿಲ್ಲ. ಆದರೂ ಅದರ ಕತ್ತಿನಲ್ಲಿ ತಯಾರಾದ ವಸ್ತು ಕಪ್ಪೆಮರಿಯ ಮೈಗೆ ಅರ್ಥವಾಯಿತು. ಆ ವಸ್ತುವೇ ಥೈರಾಕ್ಸಿನ್ ಎಂಬ ಹಾರ್ಮೋನ್. ನಿಮ್ಮ ಕತ್ತಿನ ಮುಂಭಾಗದಲ್ಲಿ, ಉಸಿರಿನ ಕೊಳವೆಗೆ ಅಂಟಿಕೊಂಡಿರುವ ಥೈರಾಯಿಡ್ ಕೂಡ ಈಗ ಅದನ್ನೇ ತಯಾರಿಸುತ್ತಿದೆ.

ಜೊಲ್ಲಿನ ಗ್ರಂಥಿಗೆ ಒಂದು ಸಣ್ಣ ನಾಳ ಇರುತ್ತದೆ, ಜೊಲ್ಲು ಅದರ ಮೂಲಕ ಬಾಯಿಗೆ ಬರುತ್ತದೆ. ಥೈರಾಯಿಡ್‌ಗೆ ಅಂಥ ನಾಳ ಇಲ್ಲ. ಅದು ತನ್ನ ಹಾರ್ಮೋನನ್ನು ನೇರವಾಗಿ ರಕ್ತಕ್ಕೇ ಬಿಡುತ್ತದೆ. ಅದಕ್ಕೇ ಇಂಥವನ್ನು ನಿರ್ನಾಳ ಗ್ರಂಥಿಗಳು ಎನ್ನುತ್ತಾರೆ. ಹೆದರಿದಾಗ ಎದೆ ಡವಡವ ಎನ್ನುವಂತೆ ಮಾಡುವ ಅಡ್ರಿನಲ್, ರಕ್ತದ ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ ಕೊಡುವ ಮೇದೋಜೀರಕ, ನಿಮ್ಮನ್ನು ಎತ್ತರಕ್ಕೆ ಬೆಳೆಸುವ ಪಿಟ್ಯುಟರಿ ಎಲ್ಲವೂ ಹೀಗೆ ರಕ್ತಕ್ಕೆ ಹಾರ್ಮೋನ್ ಬಿಡುತ್ತವೆ.

ರಕ್ತ ಮೈಯೆಲ್ಲ ಹರಿಯುತ್ತದಲ್ಲ, ಹಾಗಾಗಿ ಹಾರ್ಮೋನು ಎಲ್ಲ ಕಡೆಗೂ ಹೋಗುತ್ತದೆ. ಆದರೆ ಎಲ್ಲ ಕಡೆಯೂ ಒಂದೇ ಕೆಲಸ ಆಗುವುದಿಲ್ಲ. ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆದಾಗ ನೀವು ತಟ್ಟೆ ಹಿಡಿದು ಓಡುತ್ತೀರಿ, ಅಡುಗೆಯಮ್ಮ ಸೌಟು ಹಿಡಿಯುತ್ತಾರೆ, ಮೇಷ್ಟ್ರು ಪುಸ್ತಕ ಮುಚ್ಚುತ್ತಾರೆ. ಗಂಟೆ ಒಂದೇ, ಕೇಳಿದವರು ಮಾಡುವುದು ಬೇರೆ ಬೇರೆ. ಗೊದಮೊಟ್ಟೆಯಲ್ಲೂ ಹಾಗೆಯೇ. ಥೈರಾಯಿಡ್‌ನ ಅದೇ ಹಾರ್ಮೋನ್ ಮುಟ್ಟಿದಾಗ ಬಾಲದ ಜೀವಕೋಶಗಳು ಕರಗತೊಡಗುತ್ತವೆ, ಕಾಲಿನ ಜೀವಕೋಶಗಳು ಬೆಳೆಯತೊಡಗುತ್ತವೆ. ಪಾಚಿ ತಿನ್ನುತ್ತಿದ್ದ ಉದ್ದನೆಯ ಕರುಳು, ಹುಳ ತಿನ್ನುವ ಕಪ್ಪೆಗೆ ತಕ್ಕಂತೆ ಗಿಡ್ಡವಾಗುತ್ತದೆ.

ಥೈರಾಕ್ಸಿನ್ ಎಷ್ಟು ಬೇಕೆಂದು ಕಾಯುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ. ಅದರ ತೂಕ ಸುಮಾರು ಅರ್ಧ ಗ್ರಾಂ ಅಷ್ಟೆ. ರಕ್ತದಲ್ಲಿ ಥೈರಾಕ್ಸಿನ್ ಕಡಿಮೆಯಾದರೆ ಅದು ಇನ್ನೊಂದು ಹಾರ್ಮೋನ್ ಕಳಿಸಿ ಥೈರಾಯಿಡ್ಡನ್ನು ಎಬ್ಬಿಸುತ್ತದೆ, ಸಾಕಷ್ಟಾದಾಗ ಸುಮ್ಮನಾಗುತ್ತದೆ. ಆದರೆ ಥೈರಾಕ್ಸಿನ್ ಮಾಡಲು ಅಯೋಡಿನ್ ಬೇಕೇ ಬೇಕು. ಊಟದಲ್ಲಿ ಅಯೋಡಿನ್ ಇಲ್ಲದಿದ್ದರೆ? ಪಿಟ್ಯುಟರಿ ಒತ್ತಾಯಿಸುತ್ತಲೇ ಇರುತ್ತದೆ. ಥೈರಾಯಿಡ್ ಪಾಪ, ಇರುವಷ್ಟನ್ನಾದರೂ ಹಿಡಿಯಲು ಹೆಣಗುತ್ತ ದೊಡ್ಡದಾಗಿ ಊದಿಕೊಳ್ಳುತ್ತದೆ. ಕತ್ತಿನ ಆ ಊತವೇ ಗಳಗಂಡ.

ಬೆಟ್ಟದ ಮಣ್ಣಿನಲ್ಲಿದ್ದ ಅಯೋಡಿನ್ ಮಳೆ, ಹಿಮದ ನೀರಿನೊಂದಿಗೆ ಕೊಚ್ಚಿಹೋಗುತ್ತದೆ. ಅಲ್ಲಿ ಬೆಳೆದ ಧಾನ್ಯ, ತರಕಾರಿಗಳಲ್ಲೂ ಅದು ಕಡಿಮೆ. ಹಿಮಾಲಯದ ಊರುಗಳಲ್ಲಿ ಗಳಗಂಡ ಬಹಳ ಇತ್ತು. ನಮ್ಮ ಚಿಕ್ಕಮಗಳೂರು, ಕೊಡಗುಗಳಲ್ಲೂ ಕಂಡುಬಂದಿತ್ತು. 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯ ಕೆಲವು ಭಾಗಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ, ಒಂದು ಭಾಗಕ್ಕೆ ಬರೀ ಉಪ್ಪನ್ನೂ ಕೊಟ್ಟು ವರ್ಷಗಟ್ಟಲೆ ಮಕ್ಕಳ ಕತ್ತು ಪರೀಕ್ಷಿಸಿದರು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಚೆನ್ನಾಗಿ ಇಳಿಯಿತು. ಆಮೇಲೆ ಉಳಿದ ಭಾಗಕ್ಕೂ ಅದೇ ಉಪ್ಪು ಬಂತು. ನಿಮ್ಮ ಅಡುಗೆಮನೆಯ ಉಪ್ಪಿನ ಪೊಟ್ಟಣದ ಮೇಲೆ ನಗುವ ಸೂರ್ಯನ ಗುರುತು ಇದೆಯೇ ನೋಡಿ. ಅದು ಅಯೋಡಿನ್ ಇರುವ ಉಪ್ಪು. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಎಪ್ಪತ್ತು ವರ್ಷ ಬದುಕಿದರೂ ಒಟ್ಟು ಸುಮಾರು ನಾಲ್ಕು ಗ್ರಾಂ ಆಗುತ್ತದೆ, ಅಷ್ಟೆ.

ಥೈರಾಕ್ಸಿನ್ ಕೊರತೆ ಎಲ್ಲರಿಗಿಂತ ಹೆಚ್ಚು ಕಾಡುವುದು ಹಸುಗೂಸುಗಳನ್ನು. ಅವರ ಮಿದುಳು ಬೆಳೆಯಲು ಅದು ಅತ್ಯಗತ್ಯ. ಕೆಲವು ಮಕ್ಕಳು ಸರಿಯಾದ ಥೈರಾಯಿಡ್ ಇಲ್ಲದೆಯೇ ಹುಟ್ಟುತ್ತಾರೆ, ಹುಟ್ಟಿದಾಗ ನೋಡಿದರೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಅದಕ್ಕಾಗಿ ಹಲವು ಆಸ್ಪತ್ರೆಗಳಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷಿಸುತ್ತಾರೆ. ಕೊರತೆ ಇದ್ದರೆ ಥೈರಾಕ್ಸಿನ್ ಮಾತ್ರೆಯನ್ನು ಪುಡಿಮಾಡಿ, ತುಸು ಎದೆಹಾಲಿನಲ್ಲಿ ಕಲಸಿ ದಿನವೂ ಕೊಡುತ್ತಾರೆ. ಬೇಗ ಶುರುಮಾಡಿ ತಪ್ಪದೆ ಕೊಟ್ಟರೆ ಆ ಮಕ್ಕಳೂ ನಿಮ್ಮ ಹಾಗೆಯೇ ಬೆಳೆದು, ಓದಿ, ಆಡುತ್ತಾರೆ. ನಿಮ್ಮ ತರಗತಿಯಲ್ಲೂ ಅಂಥವರೊಬ್ಬರು ಇರಬಹುದು.